ಮಡಿಕೇರಿಗೆ ಬಂದು ಮಡಿಕೇರಿಯನ್ನೇ ನೋಡದೆ ಹೋಗುವವರಿಗೆ

ಶನಿವಾರ ಬೆಳಿಗ್ಗೆ ಮೈಸೂರು ಕಡೆಯಿಂದ ಘಟ್ಟ ಹತ್ತುವ ಕಾರುಗಳಲ್ಲಿ ಹೆಚ್ಚಿನವುಗಳ ಪಟ್ಟಿ ಒಂದೇ: ದುಬಾರೆಯ ಆನೆ ಶಿಬಿರ, ಅಬ್ಬಿ ಜಲಪಾತ, ತಲಕಾವೇರಿ, ಸಂಜೆಗೆ ರಾಜಾಸೀಟ್. ದುಬಾರೆ ಒಂದು ದಿಕ್ಕು, ತಲಕಾವೇರಿ ಇನ್ನೊಂದು ದಿಕ್ಕು. ಅರ್ಧ ದಿನ ಕಾರಿನಲ್ಲೇ ಹೋಗುತ್ತದೆ, ತಿರುವುಗಳಿಗೆ ಮಕ್ಕಳಿಗೆ ವಾಂತಿ, ಅಜ್ಜಿಗೆ ಸೊಂಟ ನೋವು. ಮಡಿಕೇರಿ ಮಾತ್ರ ಊಟಕ್ಕೆ ನಿಲ್ಲುವ ಊರಾಗಿಬಿಡುತ್ತದೆ.

ಇದು ಹಾಲೇರಿ ಅರಸರ ರಾಜಧಾನಿ ಕಣ್ರೀ. ಮುದ್ದುರಾಜ 1681ರಲ್ಲಿ ಕಟ್ಟಿದ ಊರು, ಮುದ್ದುರಾಜಕೇರಿಯೇ ಬಾಯಲ್ಲಿ ಸವೆದು ಮಡಿಕೇರಿ ಆಯಿತು ಎನ್ನುತ್ತಾರೆ. 1834ರಲ್ಲಿ ಬ್ರಿಟಿಷರು ಚಿಕ್ಕವೀರರಾಜೇಂದ್ರನನ್ನು ಇಳಿಸುವ ತನಕ ಕೊಡಗಿನ ಆಡಳಿತ ನಡೆದದ್ದು ಇಲ್ಲಿಂದಲೇ. ಅರಸರು ಪೂಜಿಸಿದ ಗುಡಿ, ಬಾಳಿದ ಕೋಟೆ, ಮಣ್ಣಾಗಿ ಮಲಗಿದ ಗದ್ದುಗೆ (ಸಮಾಧಿ), ಸಂಜೆ ಕೂತ ರಾಜಾಸೀಟ್ ಎಲ್ಲವೂ ಎರಡು-ಮೂರು ಕಿಲೋಮೀಟರ್ ಒಳಗೆ ಇವೆ. ಒಂದು ದಿನವನ್ನು ಈ ಊರಿಗೇ ಕೊಡಿ. ಆದರೆ ನೋಡುವ ಕ್ರಮ ತಪ್ಪಿದರೆ ಬಾಗಿಲು ಹಾಕಿದ ಜಾಗಗಳೇ ಸಿಗುತ್ತವೆ.

ಮೊದಲು ಓಂಕಾರೇಶ್ವರ, ಅದೂ ಒಂಬತ್ತು ಗಂಟೆಯೊಳಗೆ. ಮಧ್ಯಾಹ್ನ ಬಾಗಿಲು ಹಾಕಿದರೆ ಮತ್ತೆ ತೆಗೆಯುವುದು ಸಂಜೆಗೇ. ಊಟ ಮುಗಿಸಿ ಹೋಗೋಣ ಎಂದುಕೊಂಡವರು ಕೊಳದ ಮೆಟ್ಟಿಲಲ್ಲಿ ಫೋಟೋ ತೆಗೆದುಕೊಂಡು ವಾಪಸಾಗುವುದು ಇದಕ್ಕೇ. ಲಿಂಗರಾಜೇಂದ್ರ 1820ರಲ್ಲಿ ಕಟ್ಟಿಸಿದ ಈ ಗುಡಿಗೆ ಗೋಪುರವಿಲ್ಲ. ನಡುವೆ ದೊಡ್ಡ ಗುಮ್ಮಟ, ನಾಲ್ಕು ಮೂಲೆಗೆ ನಾಲ್ಕು ಮಿನಾರು. ದೂರದಿಂದ ದರ್ಗಾ ಎಂದೇ ಅನ್ನಿಸುತ್ತದೆ. ಗುಮ್ಮಟದ ತುದಿಯನ್ನು ಕತ್ತೆತ್ತಿ ನೋಡಿ: ಚಿನ್ನದ ಬಣ್ಣದ ಗುಂಡು, ಅದರ ಮೇಲೆ ಗಾಳಿ ಬೀಸುವ ದಿಕ್ಕು ತೋರಿಸುವ ಗಾಳಿಪಟ್ಟಿ. ಮಕ್ಕಳಿಗೆ ಅದನ್ನು ತೋರಿಸಿ, ಗಾಳಿ ಎತ್ತ ಕಡೆಯಿಂದ ಬರುತ್ತಿದೆ ಎಂದು ಕೇಳಿ. ಮುಂದಿನ ಕೊಳದ ನಡುವೆ ಮಂಟಪವಿದೆ, ಅಲ್ಲಿಗೊಂದು ಕಾಲುದಾರಿ. ಮಳೆಗಾಲದಲ್ಲಿ ಕೊಳದ ಮೆಟ್ಟಿಲಿಗೆ ಪಾಚಿ ಹಿಡಿದಿರುತ್ತದೆ. ಬರಿಗಾಲಿನ ಮಕ್ಕಳ ಕೈ ಬಿಡಬೇಡಿ.

ಅಲ್ಲಿಂದ ಕೋಟೆಗೆ. ಕಾರನ್ನು ಒಂದು ಕಡೆ ನಿಲ್ಲಿಸಿ ನಡೆಯಿರಿ ಅಥವಾ ಆಟೋ ಹಿಡಿಯಿರಿ. ಪೇಟೆಯ ಇಕ್ಕಟ್ಟು ಏರುರಸ್ತೆಗಳಲ್ಲಿ ವಾರಾಂತ್ಯ ಪಾರ್ಕಿಂಗ್ ಹುಡುಕುವುದರಲ್ಲೇ ಮುಕ್ಕಾಲು ಗಂಟೆ ಹೋಗುತ್ತದೆ. ಮಣ್ಣಿನ ಕೋಟೆಯನ್ನು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಎಂದು ಹೆಸರಿಟ್ಟವನು ಟಿಪ್ಪು. 1790ರಲ್ಲಿ ದೊಡ್ಡವೀರರಾಜೇಂದ್ರ ಅದನ್ನು ಮರಳಿ ಪಡೆದ. ಅರಮನೆಯ ಮುಂದಿನ ಗಡಿಯಾರ ಗೋಪುರವನ್ನು ಅರಸರ ಕಾಲದ್ದು ಎಂದುಕೊಳ್ಳಬೇಡಿ, ಅದು 1933ರಲ್ಲಿ ಬ್ರಿಟಿಷರು ಸೇರಿಸಿದ್ದು. ಒಳಗೆ ದುರಸ್ತಿ ನಡೆಯುತ್ತಿದ್ದರೆ ಬಿಡುವುದಿಲ್ಲ, ಹೊರಗಿನಿಂದ ನೋಡಿದರೂ ನಷ್ಟವೇನಿಲ್ಲ. ಕೋಟೆಯೊಳಗೆ ಬ್ರಿಟಿಷರು 1855ರಲ್ಲಿ ಕಟ್ಟಿದ ಚರ್ಚ್ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಸೋಮವಾರ ರಜೆ, ಹಾಗಾಗಿ ಉದ್ದದ ವಾರಾಂತ್ಯ ಎಂದು ಸೋಮವಾರ ಇಟ್ಟುಕೊಂಡು ಬರಬೇಡಿ. ಕೋಟೆಯ ಒಂದು ಮೂಲೆಯಲ್ಲಿ ನಿಂತಿರುವ ಎರಡು ಆನೆಗಳು ಗಾರೆಯವು. ದಯವಿಟ್ಟು ಮಕ್ಕಳನ್ನು ಅವುಗಳ ಮೇಲೆ ಹತ್ತಿಸಬೇಡಿ. ಗಾರೆ ಒಮ್ಮೆ ಬಿರುಕು ಬಿಟ್ಟರೆ ಇಲ್ಲಿನ ಮಳೆ ಒಳಗಿಳಿದು ಉಳಿದದ್ದನ್ನು ಬೇಗ ಕಳಚುತ್ತದೆ.

ಊಟಕ್ಕೆ ಕಡಂಬುಟ್ಟು (ಅಕ್ಕಿ ತರಿಯ ಕಡುಬು) ಅಥವಾ ನೂಪುಟ್ಟು (ಅಕ್ಕಿ ಶಾವಿಗೆ) ಸಿಗುವ ಕಡೆ ಕೂರಿ. ಒಂದು ಗಂಟೆಯ ಮೊದಲೇ ಹೋದರೆ ಸಾಲು ನಿಲ್ಲುವುದು ತಪ್ಪುತ್ತದೆ.

ಮಧ್ಯಾಹ್ನ ಗದ್ದುಗೆ. ಮಹದೇವಪೇಟೆಯಿಂದ ಮೇಲೆ ಹೋಗಬೇಕು, ಪ್ರವಾಸಿಗರು ಕಡಿಮೆ. ಊರಿನಲ್ಲಿ ನೋಡಲೇಬೇಕಾದ ಒಂದೇ ಜಾಗ ಹೇಳಿ ಎಂದರೆ ನಾನು ಇದನ್ನೇ ಹೇಳುವುದು. ಹಾಲೇರಿ ಅರಸರು ವೀರಶೈವರು, ಅವರಲ್ಲಿ ಸುಡುವ ಪದ್ಧತಿಯಿಲ್ಲ, ಹೂಳುವುದು. ಹಾಗಾಗಿ ಕೊಡಗಿನಲ್ಲಿ ಅರಸರ ಸಮಾಧಿಗಳು ಉಳಿದಿವೆ. ದೊಡ್ಡವೀರರಾಜೇಂದ್ರ ಮತ್ತು ರಾಣಿ ಮಹದೇವಮ್ಮಾಜಿಯದು ಒಂದು, ಲಿಂಗರಾಜೇಂದ್ರನದು ಇನ್ನೊಂದು, ರಾಜಗುರು ರುದ್ರಪ್ಪನದು ಮತ್ತೊಂದು. ಹತ್ತಿರದಲ್ಲೇ ಟಿಪ್ಪುವಿನ ವಿರುದ್ಧ ಹೋರಾಡಿ ಮಡಿದ ಬಿದ್ದಂಡ ಬೋಪುವಿನ ಸಮಾಧಿ. ಗುಮ್ಮಟ ನೋಡಿದರೆ ಮತ್ತೆ ಮುಸ್ಲಿಂ ಶೈಲಿ, ಕಣ್ಣು ಸ್ವಲ್ಪ ಕೆಳಗಿಳಿಸಿದರೆ ಮೂಲೆಗಳಲ್ಲಿ ಕೂತ ಬಸವ. ಕಿಟಕಿಯ ಸಣ್ಣ ಹಿತ್ತಾಳೆ ಸರಳುಗಳ ಹತ್ತಿರ ಹೋಗಿ ನಿಲ್ಲಿ, ಆ ಕೆಲಸ ದೂರದಿಂದ ಕಾಣುವುದಿಲ್ಲ. ಇಷ್ಟು ಚಂದದ ಗೋಡೆಯ ಮೇಲೆ ಕೀಲಿಕೈಯಲ್ಲಿ ತಮ್ಮ ಹೆಸರು ಕೆತ್ತಿ ಹೋಗುವವರನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಹುಲ್ಲಿನಲ್ಲಿ ಮಳೆಗಾಲಕ್ಕೆ ಜಿಗಣೆ ಇರುತ್ತದೆ, ಜೇಬಿನಲ್ಲಿ ಒಂದು ಚಿಟಿಕೆ ಉಪ್ಪು ಇರಲಿ. ಕಿತ್ತೆಳೆದರೆ ಗಾಯ ದೊಡ್ಡದಾಗುತ್ತದೆ.

ಸಮಯ ಉಳಿದರೆ ಸನ್ನಿಸೈಡ್. ಭೂಸೇನೆಯ ಮುಖ್ಯಸ್ಥರಾಗಿದ್ದ ಜನರಲ್ ತಿಮ್ಮಯ್ಯ 1906ರಲ್ಲಿ ಹುಟ್ಟಿದ ಮನೆ, 2021ರಿಂದ ವಸ್ತುಸಂಗ್ರಹಾಲಯ. ಹೊರಗೆ ಟ್ಯಾಂಕ್ ನಿಂತಿದೆ, ಇತಿಹಾಸಕ್ಕೆ ಬೇಸತ್ತ ಮಕ್ಕಳು ಅಲ್ಲಿ ಚೇತರಿಸಿಕೊಳ್ಳುತ್ತಾರೆ.

ರಾಜಾಸೀಟ್‌ಗೆ ಸೂರ್ಯಾಸ್ತಕ್ಕಿಂತ ಒಂದು ಗಂಟೆ ಮೊದಲೇ ತಲುಪಿ. ಕೊನೆಯ ಹತ್ತು ನಿಮಿಷಕ್ಕೆ ಓಡಿ ಬರುವವರಿಗೆ ಕಾಣುವುದು ಎದುರಿನವರ ಬೆನ್ನು ಮಾತ್ರ. ಡಿಸೆಂಬರ್‌ನಲ್ಲಿ ಸ್ವೆಟರ್ ಬೇಕು, ಜೂನ್‌ನಿಂದ ಸೆಪ್ಟೆಂಬರ್ ತನಕ ಕೊಡೆಗಿಂತ ರೇನ್‌ಕೋಟ್ ವಾಸಿ, ಗಾಳಿಗೆ ಕೊಡೆ ಮಗುಚಿಕೊಳ್ಳುತ್ತದೆ. ಮಂಜು ಕಣಿವೆಯನ್ನು ಪೂರ್ತಿ ಮುಚ್ಚಿದ್ದರೆ ಕಾಯುತ್ತಾ ನಿಲ್ಲಬೇಡಿ. ಅಷ್ಟು ಹೊತ್ತಿಗೆ ಓಂಕಾರೇಶ್ವರದ ಬಾಗಿಲು ಮತ್ತೆ ತೆರೆದಿರುತ್ತದೆ. ದೀಪ ಹಚ್ಚಿದ ಮೇಲೆ ಗುಮ್ಮಟವೂ ಮಿನಾರುಗಳೂ ಕೊಳದ ನೀರಿನಲ್ಲಿ ತಲೆಕೆಳಗಾಗಿ ನಿಂತಿರುತ್ತವೆ.