ಗುರುತ್ವಾಕರ್ಷಣೆ ಸೋತಿತು, ಗಲ್ಲಾಪೆಟ್ಟಿಗೆ ಗೆದ್ದಿತು

ಎತ್ತರದ ಕಟ್ಟಡದಿಂದ ಒಬ್ಬ ಬೀಳುತ್ತಾನೆ. ಕೆಳಗೆ ನಿಂತ ಹುಡುಗ ಕಣ್ಣೋಟದಲ್ಲೇ ಅವನನ್ನು ಗಾಳಿಯಲ್ಲಿ ತಡೆದು ನಿಲ್ಲಿಸುತ್ತಾನೆ. ನ್ಯೂಟನ್ ಕಾಲದಿಂದ ಯಾರ ಮಾತಿಗೂ ಬಗ್ಗದೆ ಬಂದ ನಿಯಮವೊಂದು ಹಾಡುಹಗಲಲ್ಲಿ, ನಡುಬೀದಿಯಲ್ಲಿ ಮುರಿದುಬಿತ್ತು. ಪಕ್ಕದಲ್ಲೇ ಒಬ್ಬ ವಿಜ್ಞಾನಿ ಇದ್ದಾನೆ. ಅವನು ಏನು ಮಾಡಬೇಕು? ಹುಡುಗನನ್ನು ಕೂರಿಸಿಕೊಂಡು ‘ಇದು ಹೇಗಪ್ಪಾ ಮಾಡಿದೆ?’ ಅಂತ ಕೇಳಬೇಕು, ಅಲ್ವಾ?

ಡಾಕ್ಟರ್ ವಿಕ್ಟರ್ ಗ್ಯಾನನ್‌ಗೆ ಅಷ್ಟು ಪುರುಸೊತ್ತಿಲ್ಲ. ಅವನು ಹುಡುಗನನ್ನು ಅಪಹರಿಸುತ್ತಾನೆ. ಕಿವಿಯ ಹಿಂದೆ ಒಂದು ಪುಟ್ಟ ಯಂತ್ರ ಅಂಟಿಸಿ, ಹೇಳಿದ್ದನ್ನು ಮಾತ್ರ ಮಾಡುವ ಆಳಾಗಿ ಮಾಡಿಕೊಳ್ಳುತ್ತಾನೆ. ಹುಡುಗನ ಹೆಸರು ಟೋನಿ. ಸಿನಿಮಾ ‘ರಿಟರ್ನ್ ಫ್ರಮ್ ವಿಚ್ ಮೌಂಟನ್’. 1978ರಲ್ಲಿ ಡಿಸ್ನಿ ತಂದ ಎರಡನೇ ಭಾಗ ಇದು. ಮೊದಲ ಭಾಗ ಬಂದದ್ದು 1975ರಲ್ಲಿ. ಬೇರೆ ಗ್ರಹದಿಂದ ಬಂದ ಟೋನಿ, ಟಿಯಾ ಎಂಬ ಇಬ್ಬರು ಮಕ್ಕಳ ಕಥೆ. ಎರಡರಲ್ಲೂ ಅದೇ ಮಕ್ಕಳು: ಐಕ್ ಐಸೆನ್‌ಮನ್ ಮತ್ತು ಕಿಮ್ ರಿಚರ್ಡ್ಸ್. ಎರಡಕ್ಕೂ ನಿರ್ದೇಶಕರೂ ಒಬ್ಬರೇ, ಜಾನ್ ಹೌ.

ಇಂಥ ಸಿನಿಮಾಗಳಲ್ಲಿ ಪವರ್ ಇರುವ ಮಕ್ಕಳನ್ನು ನೋಡಿ ನಮಗೆ ಆಶ್ಚರ್ಯ ಆಗಬೇಕು ಅಂತ ಎಣಿಕೆ. ನನಗೆ ಮಕ್ಕಳಿಗಿಂತ ದೊಡ್ಡವರನ್ನು ನೋಡಿಯೇ ಆಶ್ಚರ್ಯ ಜಾಸ್ತಿ. ಕಣ್ಣೆದುರು ಪವಾಡ ನಡೆದರೂ ಅವರ ತಲೆಯಲ್ಲಿ ಹುಟ್ಟುವುದು ಒಂದೇ ಲೆಕ್ಕ: ಇದರಿಂದ ಎಷ್ಟು ಗಿಟ್ಟುತ್ತದೆ? ಮೊದಲ ಭಾಗದಲ್ಲಿ ಅರಿಸ್ಟಾಟಲ್ ಬೋಲ್ಟ್ ಎಂಬ ಸಾಹುಕಾರ ಬರುತ್ತಾನೆ. ಮುಂದಾಗುವುದನ್ನು ಹೇಳುವ ಹುಡುಗಿ ಮನೆಯಲ್ಲಿದ್ದರೆ ಇನ್ನೂ ದುಡ್ಡು ಮಾಡಬಹುದು ಅನ್ನುವುದು ಅವನ ಆಸೆ. ಅವನ ಹತ್ತಿರ ದುಡ್ಡು ಮೊದಲೇ ರಾಶಿ ಬಿದ್ದಿದೆ. ಆದರೂ ಆಸೆ.

ಎರಡನೇ ಭಾಗದಲ್ಲಿ ಗ್ಯಾನನ್‌ಗೆ ಜೊತೆಯಾಗಿ ಲೀಥಾ ವೆಜ್ ಎಂಬ ಹೆಂಗಸಿದ್ದಾಳೆ. ಅವನ ಸಂಶೋಧನೆಗೆ ಬಂಡವಾಳ ಹಾಕಿದವಳು. ನನಗಂತೂ ಇಡೀ ಸಿನಿಮಾದಲ್ಲಿ ನಿಜವಾದ ಮನುಷ್ಯಳು ಅಂತ ಅನ್ನಿಸಿದ್ದು ಇವಳೊಬ್ಬಳೇ. ಲೋಕ ಗೆಲ್ಲುವ ಮಾತೆಲ್ಲ ಅವಳಿಗೆ ಬೇಡ. ಹಾಕಿದ ದುಡ್ಡು ಯಾವಾಗ ವಾಪಸ್ಸು ಬರುತ್ತದೆ, ಅಷ್ಟೇ. ಗ್ಯಾನನ್ ಕಾಯಿಸಿದ್ದು ಸಾಕೆಂದು ಹುಡುಗನನ್ನು ಕರೆದುಕೊಂಡು ತಾನೇ ಮ್ಯೂಸಿಯಂಗೆ ಹೋಗುತ್ತಾಳೆ, ಅಲ್ಲಿನ ಚಿನ್ನದ ಗಟ್ಟಿಗಳನ್ನು ಎಗರಿಸಲು. ಎರಡು ಆಸ್ಕರ್ ಗೆದ್ದ ಬೆಟ್ಟೆ ಡೇವಿಸ್ ಈ ಪಾತ್ರ ಮಾಡಿದ್ದಾರೆ. ಗ್ಯಾನನ್ ಆದವರು ಕ್ರಿಸ್ಟೋಫರ್ ಲೀ. ಡ್ರಾಕುಲಾ ಆಗಿ ರಕ್ತ ಹೀರಿದ್ದ ಮನುಷ್ಯ ಇಲ್ಲಿ ರಿಮೋಟ್ ಹಿಡಿದು ಒಬ್ಬ ಹುಡುಗನ ಹಿಂದೆ ಓಡಾಡುತ್ತಾರೆ. ಇಬ್ಬರೂ ಮುಖ ಗಂಟು ಹಾಕಿಕೊಂಡೇ ನಟಿಸಿದ್ದಾರೆ. ಅದು ಪಾತ್ರಕ್ಕೋ, ಕಥೆ ಓದಿದ್ದಕ್ಕೋ ಗೊತ್ತಾಗುವುದಿಲ್ಲ.

ಮಕ್ಕಳ ಕಡೆಯ ದೊಡ್ಡವರೂ ಕಮ್ಮಿಯಿಲ್ಲ. ಬೆನೆ ಅಂಕಲ್ ಹಾರುವ ತಟ್ಟೆಯಲ್ಲಿ ಬಂದು, ಆಗ ಸುಮಾರು ಲಕ್ಷ ಜನ ಹಿಡಿಸುತ್ತಿದ್ದ ರೋಸ್ ಬೌಲ್ ಸ್ಟೇಡಿಯಮ್ಮಿನಲ್ಲಿ ಇಬ್ಬರನ್ನೂ ಇಳಿಸಿ ಹೋಗುತ್ತಾರೆ. ಯಾಕೆ? ರಜೆಗೆ. ಲಾಸ್ ಏಂಜಲೀಸ್ ನೋಡಲು. ಜೊತೆಗೆ ಯಾರೂ ಇಲ್ಲ. ಮೊದಲ ಭಾಗದಲ್ಲಿ ಇದೇ ಮಕ್ಕಳನ್ನು ದುಡ್ಡಿನ ಆಸೆಗೆ ಬೆನ್ನಟ್ಟಿದ್ದರು ಎಂಬ ನೆನಪು ಆ ಗ್ರಹದಲ್ಲಿ ಯಾರಿಗೂ ಇದ್ದಂತಿಲ್ಲ. ಮಕ್ಕಳು ಟ್ಯಾಕ್ಸಿ ಹತ್ತುತ್ತಾರೆ. ದಾರಿಯಲ್ಲಿ ಪೆಟ್ರೋಲ್ ಮುಗಿಯುತ್ತದೆ. ಹೋದ ಸಲ ಇವರು ಮನೆಯಷ್ಟು ದೊಡ್ಡ ಕ್ಯಾಂಪರ್ ವ್ಯಾನನ್ನೇ ಆಕಾಶಕ್ಕೆ ಹಾರಿಸಿದ್ದರು. ಈ ಸಲ ಒಂದು ಟ್ಯಾಕ್ಸಿ ಮುಂದೆ ಹೋಗದೆ ನಿಲ್ಲುತ್ತದೆ. ಕೇಳಬೇಡಿ. ಟ್ಯಾಕ್ಸಿ ಹಾರಿದರೆ ಅಪಹರಣ ಇಲ್ಲ, ಅಪಹರಣ ಇಲ್ಲದಿದ್ದರೆ ಸಿನಿಮಾ ಇಲ್ಲ. ಪಾರ್ಟ್ ಟೂ ಮಕ್ಕಳ ಶಕ್ತಿಗೆ ಒಂದು ಕಟ್ಟುಪಾಡು ಇರುತ್ತದೆ. ಕಥೆಗೆ ಬೇಕಾದಾಗ ಬರಬೇಕು, ಕಥೆ ಮುಗಿದುಹೋಗುವಂತಿದ್ದರೆ ತೆಪ್ಪಗಿರಬೇಕು.

ಟಿಯಾಗೆ ಸಹಾಯ ಸಿಗುವುದು ಶಾಲೆಗೆ ಚಕ್ಕರ್ ಹೊಡೆಯುವ ಒಂದು ಹುಡುಗರ ಗ್ಯಾಂಗಿನಿಂದ, ಮತ್ತೊಂದು ಆಡಿನಿಂದ. ಹೌದು, ಆಡು. ಹೆಸರು ಆಲ್‌ಫ್ರೆಡ್. ನಗರದಲ್ಲಿ ಸರ್ಕಾರಿ ಕೆಲಸ ಶ್ರದ್ಧೆಯಿಂದ ಮಾಡುತ್ತಾ ನಮ್ಮ ಕಣ್ಣಿಗೆ ಬೀಳುವವರು ಯೋ-ಯೋ ಅಂತ ಅಡ್ಡಹೆಸರಿರುವ ಅಧಿಕಾರಿಯೊಬ್ಬರು. ಅವರ ಕೆಲಸ ಚಕ್ಕರ್ ಹೊಡೆಯುವ ಮಕ್ಕಳನ್ನು ಹಿಡಿದು ಶಾಲೆಗೆ ಸೇರಿಸುವುದು. ಅತ್ತ ಗ್ಯಾನನ್ ಪ್ಲುಟೋನಿಯಂ ಘಟಕಕ್ಕೆ ನುಗ್ಗಿ, ತಂಪು ಮಾಡುವ ವ್ಯವಸ್ಥೆಯನ್ನೇ ಕೈಗೆ ತೆಗೆದುಕೊಂಡು ನಗರವನ್ನು ಹೆದರಿಸುತ್ತಿದ್ದಾನೆ. ಇತ್ತ ಹಾಜರಿ ಪುಸ್ತಕದ ಚಿಂತೆ! ಪ್ಲುಟೋನಿಯಂ ಘಟಕಕ್ಕೆ ಸುಲಭವಾಗಿ ಒಳಗೆ ಬಿಡುವ ಊರಿನಲ್ಲಿ ಒಂದು ದಿನ ಕ್ಲಾಸ್ ತಪ್ಪಿಸಿದರೆ ಮಾತ್ರ ಬಿಡುವುದಿಲ್ಲ. ಕೊನೆಗೆ ನಗರ ಉಳಿಯುತ್ತದೆ. ಉಳಿಸಿದವರು ಯಾರು ಅಂತ ಬೇರೆ ಹೇಳಬೇಕಾಗಿಲ್ಲ. ಪೊಲೀಸರಂತೂ ಅಲ್ಲ.

ಗ್ಯಾನನ್ ಸೋತ. ಆದರೆ ಅವನ ಉಪಾಯ ಸೋಲಲಿಲ್ಲ. ಮಕ್ಕಳ ಪವರ್ ಹಿಡಿದು ದುಡ್ಡು ಮಾಡುವುದು ಹೇಗೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಕ್ಯಾಮೆರಾದ ಈ ಕಡೆ ಕೂತಿದ್ದರು. ‘ಮಕ್ಕಳನ್ನು ಬಳಸಿಕೊಳ್ಳುವವರು ದುಷ್ಟರು’ ಎಂದು ಸಾರುವ ಕಥೆಯನ್ನು ಡಿಸ್ನಿ ಮತ್ತೆ ಮತ್ತೆ ಬಳಸಿಕೊಂಡಿತು. 1982ರಲ್ಲಿ ಟಿವಿಗೆ ಒಂದು, ಬೇರೆ ಮಕ್ಕಳನ್ನು ಹಾಕಿಕೊಂಡು. 1995ರಲ್ಲಿ ಮೊದಲ ಕಥೆಯನ್ನೇ ಇನ್ನೊಮ್ಮೆ, ಅದೂ ಟಿವಿಗೆ. 2009ರಲ್ಲಿ ದೊಡ್ಡ ಪರದೆಗೆ, ಡ್ವೇನ್ ಜಾನ್ಸನ್ ಅವರನ್ನು ಟ್ಯಾಕ್ಸಿ ಡ್ರೈವರ್ ಮಾಡಿ. ಟ್ಯಾಕ್ಸಿಯನ್ನು ಮಾತ್ರ ಬಿಡಲಿಲ್ಲ ನೋಡಿ.

ಆ 2009ರ ಸಿನಿಮಾದಲ್ಲಿ ಹಳೆಯ ಮಕ್ಕಳಿಬ್ಬರನ್ನೂ ಕರೆಸಿದ್ದರು. ಅಭಿಮಾನಿಗಳು ಗುರುತು ಹಿಡಿದು ಖುಷಿಪಡಲಿ ಅಂತ. ಅಷ್ಟು ಹೊತ್ತಿಗೆ ಅವರು ನಲವತ್ತು ದಾಟಿದ್ದರು. ಐಕ್ ಐಸೆನ್‌ಮನ್‌ಗೆ ಶೆರಿಫ್ ಪಾತ್ರ. ಮನಸ್ಸಿನಲ್ಲೇ ವಸ್ತುಗಳನ್ನು ಕುಣಿಸುತ್ತಿದ್ದ ಕಿಮ್ ರಿಚರ್ಡ್ಸ್‌ಗೆ ಹೋಟೆಲಿನ ವೇಟ್ರೆಸ್ ಪಾತ್ರ. ಇಬ್ಬರೂ ಬಂದಷ್ಟೇ ಬೇಗ ಹೋಗುತ್ತಾರೆ. ಗ್ಯಾನನ್ ಕೆಟ್ಟವನೇ, ಒಪ್ಪೋಣ. ಆದರೂ ಅವನು ಹುಡುಗನಿಗೆ ಇಡೀ ಸಿನಿಮಾ ಕೈತುಂಬ ಕೆಲಸ ಕೊಟ್ಟಿದ್ದ.