ಕುಣಿತವೂ ಮರಳಿ ಬರಲಿ
ಕ್ಲೆಜ್ಮರ್ ಸಂಗೀತವು ಕಛೇರಿಗಳಲ್ಲಿ ಮತ್ತೆ ಜೀವ ಪಡೆದಿದೆ ಎಂದು ನಿಮ್ಮ ಲೇಖನದಲ್ಲಿ ಓದಿ ಖುಷಿಯಾಯಿತು. ಆದರೆ ಪೂರ್ವ ಯುರೋಪಿನ ಯಹೂದಿ ಮದುವೆಗಳ ಈ ಸಂಗೀತ ಕುರ್ಚಿಯಲ್ಲಿ ಕೂತು ಕೇಳೋದಕ್ಕಷ್ಟೇ ಹುಟ್ಟಿದ್ದಲ್ಲ, ಅಲ್ವಾ? 'ಷೇರ್' ಎಂಬ ಕುಣಿತದ ಸಂಗೀತ ನುಡಿಸಿದರೆ ನಾಲ್ಕು ಜೋಡಿಗಳು ಚೌಕವಾಗಿ ನಿಲ್ಲಬೇಕು. ನಿಧಾನದ ಇನ್ನೊಂದು ಕುಣಿತ 'ಝೋಕ್'ನಲ್ಲಿ ಮೂರು ಪೆಟ್ಟುಗಳ ನಡುವಿನದು ಖಾಲಿ, ಹೆಜ್ಜೆ ಸ್ವಲ್ಪ ಕುಂಟಿದ ಹಾಗಿರುತ್ತದೆ. ಅದು ಕಾಲಿಗೆ ಗೊತ್ತಾದರೇನೇ ಕಿವಿಗೂ ಪೂರ್ತಿ ಗೊತ್ತಾಗುವುದು.

1970ರ ದಶಕದಲ್ಲಿ ಅಮೆರಿಕದ ಸಂಗೀತಗಾರರಾದ ಆಂಡಿ ಸ್ಟ್ಯಾಟ್‌ಮನ್, ಝೆವ್ ಫೆಲ್ಡ್‌ಮನ್ ಹಿರಿಯ ಕ್ಲಾರಿನೆಟ್ ವಾದಕ ಡೇವ್ ಟಾರಸ್ ಹತ್ತಿರ ಹೋಗಿ ಕಲಿತರು. ಆಮೇಲೆ ಶುರುವಾದ ಕ್ಲೆಜ್ಮರ್ ಕಲಿಕೆಯ ಶಿಬಿರ ಕ್ಲೆಜ್‌ಕ್ಯಾಂಪ್‌ನಲ್ಲಿ ವಾದ್ಯದ ಜೊತೆ ಕುಣಿತವನ್ನೂ ಕಲಿಸಲಾಗುತ್ತಿತ್ತು. ಅದೇ ಸರಿಯಾದ ದಾರಿ. ಮದುವೆಗೆ ವಾದ್ಯದವರನ್ನು ಕರೆಸುವವರು ಹೆಜ್ಜೆ ಹೇಳಿಕೊಡುವವರನ್ನೂ ದಯವಿಟ್ಟು ಕರೆಸಿ. ಸುಮ್ನೆ ಎರಡು ಸುತ್ತು ತಿರುಗಿ ಊಟಕ್ಕೆ ಓಡಬೇಡಿ. ಷೇರ್ ಮುಗಿಯೋಕೆ ಹೊತ್ತು ಜಾಸ್ತಿ ಬೇಕು, ಆ ಹೊತ್ತು ಕೊಡಿ.