ಮನೆಯಲ್ಲಿ ಇಬ್ಬರು ಶಿಕ್ಷಕರು, ಓಟು ಒಬ್ಬರಿಗೇ

2022ರ ಜೂನ್ 13, ಸೋಮವಾರ. ಶಾಲೆ ಶುರುವಾಗಿ ಒಂದು ತಿಂಗಳೂ ಆಗಿರಲಿಲ್ಲ. ಬೆಳಿಗ್ಗೆ ನಾನು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ವಿಧಾನ ಪರಿಷತ್ತಿನ ಶಿಕ್ಷಕರ ಕ್ಷೇತ್ರದ ಚುನಾವಣೆಗೆ ಓಟು ಹಾಕೋಕೆ ಹೊರಟಿದ್ದೆ. ನನ್ನ ಹೆಂಡತಿ ಟಿಫಿನ್ ಡಬ್ಬಿಗೆ ರೊಟ್ಟಿ ಹಾಕಿಕೊಳ್ಳುತ್ತಾ ಕೇಳಿದಳು, "ನೀವೂ ಎಂಟನೇತ್ತಾಕ ಕಲಸ್ತೀರಿ, ನಾನೂ ಎಂಟನೇತ್ತಾಕ ಕಲಸ್ತೀನಿ. ಪುಸ್ತಕಾನೂ ಒಂದ. ನಿಮಗ ಓಟು ಐತಿ, ನನಗ್ಯಾಕ ಇಲ್ರೀ?"

ನನ್ನ ಹತ್ತಿರ ಉತ್ತರ ಇತ್ತು. ಪರಿಷತ್ತಿಗೆ ಯಾರು ಓಟು ಹಾಕಬಹುದು ಅಂತ ಹೇಳುವ ಸಂವಿಧಾನದ 171ನೇ ವಿಧಿ ಅಂತ ಹೇಳಬಹುದಿತ್ತು. ಹೇಳಲಿಲ್ಲ. ಅವಳು ಬಸ್ಸಿಗೆ ಹೋದಳು, ನಾನು ಮತಗಟ್ಟೆಗೆ ಹೋದೆ. ಆ ಪ್ರಶ್ನೆ ಮಾತ್ರ ಇವತ್ತಿಗೂ ನನ್ನ ತಲೆಯಲ್ಲಿ ಕೂತಿದೆ. ಅದಕ್ಕೇ ಇಷ್ಟುದ್ದ ಬರೀತಾ ಇದ್ದೇನೆ.

ನಾನು ಧಾರವಾಡ ಸೀಮೆಯ ಒಂದು ಅನುದಾನಿತ ಪ್ರೌಢಶಾಲೆಯಲ್ಲಿ ಕನ್ನಡ ಮಾಸ್ತರು. ನಮ್ಮದು ಕರ್ನಾಟಕ ಪಶ್ಚಿಮ ಶಿಕ್ಷಕರ ಕ್ಷೇತ್ರ. ಧಾರವಾಡ, ಗದಗ, ಹಾವೇರಿ, ಉತ್ತರ ಕನ್ನಡ, ಈ ನಾಲ್ಕು ಜಿಲ್ಲೆ ಸೇರಿ ಒಂದು ಕ್ಷೇತ್ರ. ಇಲ್ಲಿಂದ ವಿಧಾನ ಪರಿಷತ್ತಿಗೆ ಒಬ್ಬರು ಹೋಗುತ್ತಾರೆ. 1980ರಿಂದ ಹೋಗುತ್ತಿರುವವರು ಒಬ್ಬರೇ, ಬಸವರಾಜ ಹೊರಟ್ಟಿ. 1980, 1986, 1992, 1998, 2004, 2010, 2016, 2022. ಎಂಟು ಚುನಾವಣೆ, ಎಂಟು ಗೆಲುವು. ಮಧ್ಯೆ ಒಂದು ಸೋಲೂ ಇಲ್ಲ. ಅವರು ಮೊದಲ ಸಲ ಗೆದ್ದಾಗ ಹುಟ್ಟಿದ ಮಕ್ಕಳು ಈಗ ಶಿಕ್ಷಕರಾಗಿ ಅವರ ಮತದಾರರಾಗಿದ್ದಾರೆ.

ಸೋಲಿಲ್ಲದ ಸರದಾರ ಅಂದ ಕೂಡಲೇ ಎಲ್ಲರಿಗೂ ಖರ್ಗೆ ಅವರ ನೆನಪಾಗುತ್ತದೆ. ಗುರುಮಠಕಲ್‌ನಿಂದ ಎಂಟು ಸಲ, ಚಿತ್ತಾಪುರದಿಂದ ಒಂದು ಸಲ ವಿಧಾನಸಭೆಗೆ ಗೆದ್ದವರು. ಆದರೆ ಹೊರಟ್ಟಿ ಅವರದು ಬೇರೆ ಥರದ ಕ್ಷೇತ್ರ. ಇಲ್ಲಿ ಜಾತ್ರೆ ಇಲ್ಲ, ರೋಡ್ ಶೋ ಇಲ್ಲ. ನಾಲ್ಕು ಜಿಲ್ಲೆ ಸುತ್ತಿದರೂ ಮತದಾರರ ಸಂಖ್ಯೆ ಇಪ್ಪತ್ತು ಸಾವಿರ ದಾಟಲ್ಲ. ಎಲ್ಲರೂ ಓದಿದವರು, ಎಲ್ಲರೂ ಮಾತು ಬಲ್ಲವರು. ಒಬ್ಬೊಬ್ಬರಿಗೂ ಒಂದೊಂದು ಅಹವಾಲು. ಇಂಥವರನ್ನು ನಾಲ್ಕು ದಶಕ ಜೊತೆಯಲ್ಲಿ ಇಟ್ಟುಕೊಳ್ಳೋದು ಸಣ್ಣ ಕೆಲಸ ಅಲ್ಲ. ಇದೇ ನಾಲ್ಕು ಜಿಲ್ಲೆಯ ಪದವೀಧರ ಕ್ಷೇತ್ರ ನೋಡಿ. ಎಚ್.ಕೆ. ಪಾಟೀಲರಂಥ ದೊಡ್ಡ ಹೆಸರು 1984ರಿಂದ ಅಲ್ಲಿ ಗೆಲ್ಲುತ್ತಾ ಬಂದಿತ್ತು. 2008ರಲ್ಲಿ ಮೋಹನ ಲಿಂಬಿಕಾಯಿ ಅವರ ಎದುರು ಸೋತರು. ಪಕ್ಕದ ಶಿಕ್ಷಕರ ಕ್ಷೇತ್ರ ಮಾತ್ರ ಅಲುಗಾಡಲಿಲ್ಲ.

ಯಾಕೆ? ನನಗೆ ಅನ್ನಿಸೋದು ಇಷ್ಟು. ಹೊರಟ್ಟಿ ಅವರು ಮುಧೋಳ ತಾಲೂಕಿನ ಯಡಹಳ್ಳಿಯವರು. ಹುಬ್ಬಳ್ಳಿಯ ಲ್ಯಾಮಿಂಗ್ಟನ್ ಶಾಲೆಯಲ್ಲಿ ದೈಹಿಕ ಶಿಕ್ಷಕರಾಗಿದ್ದವರು. ನಮ್ಮ ಕಡೆ ಪಿ.ಟಿ. ಮಾಸ್ತರು ಅಂತೀವಲ್ಲ, ಅವರು. ಸ್ಟಾಫ್ ರೂಮಿನಲ್ಲಿ ಪಿ.ಟಿ. ಮಾಸ್ತರಿಗೆ ಎಷ್ಟು ಮರ್ಯಾದೆ ಸಿಗುತ್ತಿತ್ತು ಅಂತ ಹಳಬರಿಗೆ ಗೊತ್ತು. ಗಣಿತ, ವಿಜ್ಞಾನದವರು ಮೇಲೆ, ಇವರು ಕೆಳಗೆ ಅನ್ನೋ ಲೆಕ್ಕ. ಅಲ್ಲಿಂದ ಎದ್ದು ಬಂದವರು, 34ನೇ ವಯಸ್ಸಿಗೆ ಮೇಲ್ಮನೆ ಸೇರಿದರು. ಪಗಾರ ತಡವಾದರೆ ಮನೆಯಲ್ಲಿ ಏನಾಗುತ್ತದೆ, ಆಡಳಿತ ಮಂಡಳಿಯ ಮುಂದೆ ಹೇಗೆ ನಿಲ್ಲಬೇಕಾಗುತ್ತದೆ, ಇದನ್ನ ಅವರಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. "ಇವರು ನಮ್ಮವರು" ಅನ್ನೋ ಮಾತು ಹಿರಿಯ ಶಿಕ್ಷಕರ ಬಾಯಲ್ಲಿ ನಾನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ನಮ್ಮ ಮತದಾನದ ರೀತಿಯೂ ಹಾಗೇ ಇದೆ. ಮಶೀನ್ ಇಲ್ಲ, ಕಾಗದದ ಮತಪತ್ರ. ಅದರಲ್ಲಿ ಪಕ್ಷದ ಚಿಹ್ನೆ ಇರಲ್ಲ. ಅಲ್ಲೇ ಕೊಡುವ ನೇರಳೆ ಬಣ್ಣದ ಸ್ಕೆಚ್ ಪೆನ್ನಿನಿಂದ ಹೆಸರಿನ ಮುಂದೆ 1 ಅಂತ ಬರೀಬೇಕು. ಬೇಕಿದ್ದರೆ ಬೇರೆಯವರಿಗೆ 2, 3 ಕೊಡಬಹುದು. ರೈಟ್ ಮಾರ್ಕ್ ಹಾಕಿದರೆ ಹೋಯಿತು. ಅಕ್ಷರದಲ್ಲಿ 'ಒಂದು' ಅಂತ ಬರೆದರೂ ಹೋಯಿತು. ನಮ್ಮ ಸ್ವಂತ ಪೆನ್ನು ತೆಗೆದು ಬರೆದರೂ ಹೋಯಿತು. ಪ್ರತಿ ಸಲ ನೂರಾರು ಮತ ಹೀಗೆ ಅಸಿಂಧು ಆಗುತ್ತವೆ. ವರ್ಷಪೂರ್ತಿ ಮಕ್ಕಳಿಗೆ "ಪ್ರಶ್ನೆ ಸರಿಯಾಗಿ ಓದಿ ಉತ್ತರ ಬರೀರಿ" ಅನ್ನುವ ನಾವೇ ಈ ತಪ್ಪು ಮಾಡುತ್ತೇವೆ ಅಂದರೆ ನನಗೆ ನಿಜಕ್ಕೂ ಬೇಜಾರು. ಚಿಹ್ನೆ ಇಲ್ಲದ ಕಾಗದ ಆದ್ದರಿಂದ ಹೆಸರೇ ಮುಖ್ಯ. ನಲವತ್ತು ವರ್ಷದಿಂದ ಬಾಯಲ್ಲಿ ಇರುವ ಹೆಸರು ಕಣ್ಣಿಗೆ ಬೇಗ ಬೀಳುತ್ತದೆ, ಅಲ್ವಾ?

ಹಾಗಂತ ಬರೀ ಹೆಸರಿನ ಬಲದಿಂದ ಗೆದ್ದರು ಅಂತ ನಾನು ಹೇಳಲ್ಲ. ನನ್ನದೇ ಒಂದು ಕಥೆ ಹೇಳುತ್ತೇನೆ.

ನಾನು ಕೆಲಸಕ್ಕೆ ಸೇರಿದ್ದು 1998ರಲ್ಲಿ. ಶಾಲೆಗೆ ಆಗ ಅನುದಾನ ಇರಲಿಲ್ಲ. ಆಡಳಿತ ಮಂಡಳಿ ತಿಂಗಳಿಗೆ 800 ರೂಪಾಯಿ ಕೊಡುತ್ತಿತ್ತು, ಅದೂ ಕೆಲವು ತಿಂಗಳು ಇಲ್ಲ. ಸಂಜೆ ಮನೆಪಾಠ ಹೇಳಿ ಸಂಸಾರ ತೂಗಿಸಿದೆ. ಅನುದಾನ ಬಂದದ್ದು ಹತ್ತು ವರ್ಷದ ನಂತರ. ಆ ಹತ್ತು ವರ್ಷ ನಾನು ಕಲಿಸಿದ ಮಕ್ಕಳು ಪೊಲೀಸರಾದರು, ನರ್ಸ್ ಆದರು, ಒಬ್ಬ ತಹಶೀಲ್ದಾರ್ ಕಚೇರಿಯಲ್ಲಿ ಇದ್ದಾನೆ. ಆದರೆ ನನ್ನ ಸೇವಾ ಪುಸ್ತಕದಲ್ಲಿ ಆ ಹತ್ತು ವರ್ಷ ಲೆಕ್ಕಕ್ಕೇ ಇಲ್ಲ. ಬಡ್ತಿಗೂ ಇಲ್ಲ, ಇನ್‌ಕ್ರಿಮೆಂಟಿಗೂ ಇಲ್ಲ. ಅದರ ಮೇಲೆ, 2006ರ ಏಪ್ರಿಲ್ 1ರ ನಂತರ ಅನುದಾನಕ್ಕೆ ಬಂದೆ ಅನ್ನೋ ಕಾರಣಕ್ಕೆ ಹಳೆಯ ಪಿಂಚಣಿಯೂ ಇಲ್ಲ. ಸರ್ಕಾರಿ ನೌಕರರಿಗೆ ಹೊಸ ಪಿಂಚಣಿ ಯೋಜನೆಯಾದ ಎನ್‌ಪಿಎಸ್‌ನಲ್ಲಾದರೂ ಸರ್ಕಾರದ ಪಾಲು ಬೀಳುತ್ತದೆ. ನಮ್ಮಂಥ ಅನುದಾನಿತರಿಗೆ ಅದೂ ಇಲ್ಲ.

ಇದಕ್ಕೆ ನಮ್ಮ ಭಾಷೆಯಲ್ಲಿ 'ಕಾಲ್ಪನಿಕ ವೇತನ'ದ ಸಮಸ್ಯೆ ಅಂತಾರೆ. ಅನುದಾನ ಇಲ್ಲದ ವರ್ಷಗಳಲ್ಲೂ ಸಂಬಳ ಬಂದಿತ್ತು ಅಂತ ಇಟ್ಟುಕೊಂಡು ಇವತ್ತಿನ ಸಂಬಳ ನಿಗದಿ ಮಾಡಿ ಅನ್ನೋದು ಬೇಡಿಕೆ. ಕೋರ್ಟಿನಲ್ಲಿ ಕೆಲವು ಶಿಕ್ಷಕರು ಗೆದ್ದರು. 2014ರಲ್ಲಿ ಸರ್ಕಾರ ಹೊಸ ಕಾನೂನನ್ನೇ ತಂದು ಆ ದಾರಿ ಮುಚ್ಚಿತು. ಆಮೇಲೆ ಹೊರಟ್ಟಿ ಅವರ ನೇತೃತ್ವದಲ್ಲೇ ಒಂದು ಸಮಿತಿ ಆಯಿತು. ಶಿಕ್ಷಕರ ಪರವಾಗಿ ವರದಿಯೂ ಬಂತು. ವರದಿ ಜಾರಿ ಮಾಡಿ ಅಂತ ನಾವು ಧರಣಿ ಕೂತೆವು. ಅಷ್ಟೇ. ನಾಲ್ಕು ದಶಕ ಸದನದಲ್ಲಿ ಇದ್ದವರು ಅಧ್ಯಕ್ಷರಾಗಿ ಕೊಟ್ಟ ವರದಿಗೇ ಹಣಕಾಸಿನವರು ಸುಲಭಕ್ಕೆ ತಲೆ ಆಡಿಸಲಿಲ್ಲ ಅಂದ ಮೇಲೆ, ಒಬ್ಬ ಸದಸ್ಯನ ಕೈಯಲ್ಲಿ ಏನು ಆಗುತ್ತದೆ, ಏನು ಆಗಲ್ಲ ಅಂತ ನನಗೆ ಅರ್ಥ ಆಯಿತು.

ಅವರು ಮಂತ್ರಿಯಾಗಿದ್ದಾಗ ಮಾತ್ರ ಕೈಯಲ್ಲಿ ಅಧಿಕಾರ ಇತ್ತು. 2006-07ರ ಸಮ್ಮಿಶ್ರ ಸರ್ಕಾರದಲ್ಲಿ ಶಿಕ್ಷಣ ಸಚಿವರು. ಕನ್ನಡ ಮಾಧ್ಯಮಕ್ಕೆ ಅನುಮತಿ ಪಡೆದು ಇಂಗ್ಲಿಷ್ ಮಾಧ್ಯಮ ನಡೆಸುತ್ತಿದ್ದ ಎರಡು ಸಾವಿರಕ್ಕೂ ಹೆಚ್ಚು ಶಾಲೆಗಳ ಮಾನ್ಯತೆಗೆ ಕೈ ಹಾಕಿದ ಕಾಲ ಅದು. ಕನ್ನಡ ಮಾಸ್ತರಾಗಿ ನಾನು ಆಗ ಎಷ್ಟು ಖುಷಿಪಟ್ಟಿದ್ದೆ! ಯಾರೂ ಮುಟ್ಟದ ಹುತ್ತಕ್ಕೆ ಒಬ್ಬ ಶಿಕ್ಷಕ ಕೈ ಹಾಕಿದ್ದಾರೆ ಅನ್ನಿಸಿತ್ತು. ಅದೇ ಹೊತ್ತಿಗೆ ಸರ್ಕಾರಿ ಕನ್ನಡ ಶಾಲೆಗಳಲ್ಲಿ ಒಂದನೇ ತರಗತಿಯಿಂದಲೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ತೀರ್ಮಾನವೂ ಬಂತು. ಸಾಹಿತಿಗಳು ಬೈದರು, ನನ್ನ ಕೆಲವು ಗೆಳೆಯರೂ ಬೈದರು. ನಾನು ಬೈಯಲಿಲ್ಲ. ಹಳ್ಳಿಯ ಮಗು ಎ, ಬಿ, ಸಿ, ಡಿಗಾಗಿ ಐದನೇತ್ತೆವರೆಗೆ ಕಾಯಬೇಕು ಅನ್ನೋದು ನನಗೆ ಯಾವತ್ತೂ ಸರಿ ಕಂಡಿಲ್ಲ. ಆಮೇಲೆ ಮಾಧ್ಯಮದ ಜಗಳ ಹೈಕೋರ್ಟ್, ಸುಪ್ರೀಂ ಕೋರ್ಟ್ ಮೆಟ್ಟಿಲು ಹತ್ತಿತು. 2014ರ ಮೇ ತಿಂಗಳಲ್ಲಿ, ಯಾವ ಮಾಧ್ಯಮ ಅಂತ ಸರ್ಕಾರ ಹೇರುವಂತಿಲ್ಲ ಅಂತ ಸುಪ್ರೀಂ ಕೋರ್ಟ್ ಹೇಳಿತು. ಆ ಬಾಗಿಲು ಮುಚ್ಚಿತು. ನನಗೆ ಆ ದಿನದ ಸಂಕಟ ಇನ್ನೂ ಆರಿಲ್ಲ.

ಪಕ್ಷದ ವಿಷಯಕ್ಕೆ ಬರುತ್ತೇನೆ. ಹೊರಟ್ಟಿ ಅವರ ರಾಜಕೀಯದ ಬಹುಪಾಲು ಕಳೆದದ್ದು ಜನತಾ ಪರಿವಾರದಲ್ಲಿ. ಆ ಮನೆ ಎಷ್ಟು ಸಲ ಒಡೆಯಿತೋ ಅಷ್ಟು ಸಲವೂ ಅದರ ಒಂದು ಕೋಣೆಯಲ್ಲೇ ಇದ್ದರು. 2022ರ ಮೇ ತಿಂಗಳಲ್ಲಿ ಪರಿಷತ್ತಿನ ಸಭಾಪತಿ ಸ್ಥಾನಕ್ಕೆ ರಾಜೀನಾಮೆ ಕೊಟ್ಟು ಬಿಜೆಪಿ ಸೇರಿದರು. ಜೂನ್‌ನಲ್ಲಿ ಮತ್ತೆ ಗೆದ್ದರು. 9 ಸಾವಿರಕ್ಕೂ ಜಾಸ್ತಿ ಮತ. ಅದೇ ವರ್ಷ ಡಿಸೆಂಬರ್‌ನಲ್ಲಿ ಮತ್ತೆ ಸಭಾಪತಿಯಾದರು. ಅವರ ಆ ತೀರ್ಮಾನ ನನಗೆ ಹಿಡಿಸಲಿಲ್ಲ, ಇದನ್ನ ಮುಚ್ಚಿಡಲ್ಲ. ಏಳು ಸಲ ಗೆದ್ದವರಿಗೆ ಎಂಟನೆಯದಕ್ಕೆ ಮನೆ ಬದಲಿಸುವ ಅಗತ್ಯ ಇರಲಿಲ್ಲ ಅಂತಲೇ ನನ್ನ ಭಾವನೆ. ಆದರೆ ನನ್ನ ಸಹೋದ್ಯೋಗಿಗಳು ಪಕ್ಷ ನೋಡಲೇ ಇಲ್ಲ. "ಸರ್ ಎಲ್ಲಿ ಇದ್ದರೇನು, ನಮ್ಮ ಕೆಲಸ ಆಗಬೇಕು" ಅಂದರು. ಅವರ ಮಾತಿನಲ್ಲೂ ನ್ಯಾಯ ಇದೆ. ಬಾಕಿ ಬಿಲ್ಲು, ವರ್ಗಾವಣೆ, ಅನುಮೋದನೆ ಅಂತ ಕಚೇರಿಯಿಂದ ಕಚೇರಿಗೆ ಅಲೆದವನಿಗೆ ಪಕ್ಷ ಸಿದ್ಧಾಂತದ ಮಾತು ರುಚಿಸಲ್ಲ.

ಒಂದು ಘಟನೆ ಹೇಳಲೇಬೇಕು. 2020ರ ಡಿಸೆಂಬರ್ 15ರಂದು ವಿಧಾನ ಪರಿಷತ್ತಿನಲ್ಲಿ ಏನಾಯಿತು ಅಂತ ಎಲ್ಲರೂ ಟಿವಿಯಲ್ಲಿ ನೋಡಿದ್ದೀರಿ. ಉಪಸಭಾಪತಿ ಧರ್ಮೇಗೌಡರನ್ನು ಪೀಠದಿಂದ ಎಳೆದರು. ಆ ತಿಂಗಳ ಕೊನೆಗೆ ಧರ್ಮೇಗೌಡರು ಬದುಕಿರಲಿಲ್ಲ. ಜನವರಿ 1ಕ್ಕೆ ಹತ್ತನೇತ್ತೆ ಮಕ್ಕಳಿಗೆ ಶಾಲೆ ತೆರೆಯಿತು. ಎಲ್ಲರ ಮುಖಕ್ಕೆ ಮಾಸ್ಕ್. ಹಿಂದಿನ ಬೆಂಚಿನ ಹುಡುಗನೊಬ್ಬ ಎದ್ದು ನಿಂತು ಕೇಳಿದ, "ಸರ್, ಅದಕ್ಕ ಹಿರಿಯರ ಮನಿ ಅಂತಾರ ಅಂದಿದ್ರಲ್ರೀ?" ಸುಮ್ನೆ ನಿಂತೆ. ಫೆಬ್ರುವರಿ 9ಕ್ಕೆ ಅದೇ ಪೀಠಕ್ಕೆ ಹೊರಟ್ಟಿ ಸಭಾಪತಿಯಾಗಿ ಬಂದಾಗ ನನಗೆ ಸಮಾಧಾನ ಆಗಿದ್ದು ನಿಜ. ಸದನದ ಹಳೆಯ ಮರ್ಯಾದೆ ಕಂಡವರು ಒಬ್ಬರಾದರೂ ಅಲ್ಲಿ ಕೂತರಲ್ಲ ಅನ್ನೋ ಸಮಾಧಾನ.

ಈಗ ನನ್ನ ಹೆಂಡತಿಯ ಪ್ರಶ್ನೆ. ನಮ್ಮ ಪರಿಷತ್ತಿನಲ್ಲಿ 75 ಸ್ಥಾನ. ಅದರಲ್ಲಿ ಶಿಕ್ಷಕರಿಗೆ 7. ಪ್ರೌಢಶಾಲೆ ಅಥವಾ ಅದಕ್ಕಿಂತ ಮೇಲಿನ ಸಂಸ್ಥೆಯಲ್ಲಿ ಕನಿಷ್ಠ ಮೂರು ವರ್ಷ ಕಲಿಸಿದವರಿಗೆ ಮಾತ್ರ ಓಟು. ಪ್ರಾಥಮಿಕ ಶಾಲೆಯವರಿಗೆ ಇಲ್ಲ. ಸಂವಿಧಾನ ಬರೆದ ಕಾಲಕ್ಕೆ ಅದಕ್ಕೊಂದು ಅರ್ಥ ಇತ್ತು. ಮುಲ್ಕಿ, ಅಂದರೆ ಏಳನೇ ತರಗತಿಯ ಪರೀಕ್ಷೆ, ಪಾಸಾದವರು ಮಾಸ್ತರಾಗುತ್ತಿದ್ದ ಕಾಲ ಅದು. ಇವತ್ತು? ನನ್ನ ಹೆಂಡತಿ ಬಿ.ಎ., ಬಿ.ಎಡ್. ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿಯೂ ಪಾಸು. ಅವಳ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯಲ್ಲಿ ಎಂಟನೇ ತರಗತಿ ಇದೆ. ನನ್ನ ಶಾಲೆಯಲ್ಲೂ ಎಂಟನೇ ತರಗತಿ ಇದೆ. ಭಾನುವಾರ ಊಟ ಆದ ಮೇಲೆ ಒಂದೇ ಮೇಜಿನ ಮೇಲೆ ಒಂದೇ ಪಾಠಕ್ಕೆ ಇಬ್ಬರೂ ಟಿಪ್ಪಣಿ ಮಾಡಿಕೊಳ್ಳುತ್ತೇವೆ. ಆದರೆ ಮತಗಟ್ಟೆಗೆ ನಾನೊಬ್ಬನೇ. ನನಗೆ ಶಿಕ್ಷಕರ ಕ್ಷೇತ್ರದಲ್ಲಿ ಒಂದು, ಪದವೀಧರರ ಕ್ಷೇತ್ರದಲ್ಲಿ ಇನ್ನೊಂದು, ಎರಡೆರಡು ಓಟು. ಅವಳಿಗೆ ಪದವೀಧರರದು ಮಾತ್ರ.

2022ರಲ್ಲಿ ಹೊರಟ್ಟಿ ಅವರ ಎದುರು ಕಾಂಗ್ರೆಸ್‌ನಿಂದ ನಿಂತಿದ್ದವರು ಬಸವರಾಜ ಗುರಿಕಾರ. ಅವರು ಯಾರು ಅಂತ ಗೊತ್ತಲ್ವಾ? ರಾಜ್ಯದ ಪ್ರಾಥಮಿಕ ಶಾಲಾ ಶಿಕ್ಷಕರ ಸಂಘದ ಅಧ್ಯಕ್ಷರಾಗಿದ್ದವರು. ಪ್ರಾಥಮಿಕ ಶಿಕ್ಷಕರಿಗಾಗಿ ಜೀವನ ತೇದವರು ಓಟು ಕೇಳೋಕೆ ಬಂದದ್ದು ಪ್ರಾಥಮಿಕ ಶಿಕ್ಷಕರಿಗೆ ಓಟೇ ಇಲ್ಲದ ಕ್ಷೇತ್ರಕ್ಕೆ. ಅವರ ಜೊತೆ ದುಡಿದ ಸಾವಿರಾರು ಜನ ಹೊರಗೆ ನಿಂತು ನೋಡಿದರು. ಹೊರಟ್ಟಿ ಪಡೆದದ್ದರ ಅರ್ಧದಷ್ಟು ಮತ ಅವರಿಗೆ ಬಂತು. ಪ್ರಾಥಮಿಕದವರು ಒಳಗೆ ಇದ್ದಿದ್ದರೆ ಫಲಿತಾಂಶ ಬದಲಾಗುತ್ತಿತ್ತೋ ಇಲ್ಲವೋ, ಆ ವಾದ ನನಗೆ ಬೇಡ. ಆದರೆ ಎಂಟು ಸಲದ ಆ ದಾಖಲೆಯನ್ನು ಪೂರ್ತಿ ಶಿಕ್ಷಕ ಸಮುದಾಯ ಕೊಟ್ಟದ್ದು ಅಂತ ಹೇಳೋಕೆ ಆಗಲ್ಲ ಅನ್ನೋದು ನನ್ನ ನೋವು. ಆ ಗೆಲುವಿನಲ್ಲಿ ಅ, ಆ, ಇ, ಈ ತಿದ್ದಿಸುವವರ ಪಾಲು ಇಲ್ಲ.

ಈ ನಿಯಮ ಬದಲಾಗಬೇಕಾದರೆ ಸಂಸತ್ತು ಕಾನೂನು ತರಬೇಕು. ಒಬ್ಬ ಪರಿಷತ್ ಸದಸ್ಯರಿಂದ ಅದು ಆಗಲ್ಲ, ಗೊತ್ತು. ಆದರೆ ಮಾತು ಎತ್ತುವುದು ಆಗುತ್ತದೆ. ಪರಿಷತ್ತಿನಲ್ಲಿ ಒಂದು ನಿರ್ಣಯ ತಂದು ದೆಹಲಿಗೆ ಕಳಿಸುವುದು ಆಗುತ್ತದೆ. ನಾವು ಶಿಕ್ಷಕರು ಇಷ್ಟು ವರ್ಷ ನಮ್ಮ ಪ್ರತಿನಿಧಿಯ ಹತ್ತಿರ ಹೋದಾಗಲೆಲ್ಲ ಏನು ಕೇಳಿದೆವು? ನನ್ನ ವರ್ಗಾವಣೆ, ನನ್ನ ಬಿಲ್ಲು, ನನ್ನ ಅನುಮೋದನೆ. ನಾನೂ ಅದನ್ನೇ ಕೇಳಿದವನು. ಪಕ್ಕದ ಶಾಲೆಯ ಅಕ್ಕೋರಿಗೆ ಓಟು ಕೊಡಿಸಿ ಅಂತ ನಾನು ಒಂದು ಅರ್ಜಿಯನ್ನೂ ಬರೆದಿಲ್ಲ.

2028ರಲ್ಲಿ ಮತ್ತೆ ಚುನಾವಣೆ. ನಮ್ಮ ಮತದಾರರ ಪಟ್ಟಿ ಪ್ರತಿ ಸಲ ಹೊಸದಾಗಿ ಆಗುತ್ತದೆ. ಹಳೆಯ ಪಟ್ಟಿಯಲ್ಲಿ ಹೆಸರಿದ್ದರೂ ನಮೂನೆ 19 ತುಂಬಿ, ಮುಖ್ಯೋಪಾಧ್ಯಾಯರ ಸಹಿ ಮಾಡಿಸಿ ಮತ್ತೆ ಕೊಡಬೇಕು. ಆ ಅರ್ಜಿ ತುಂಬುವ ದಿನ ಇನ್ನೊಂದು ಅರ್ಜಿಯನ್ನೂ ಜೊತೆಗೆ ಇಟ್ಟುಕೊಳ್ಳುತ್ತೇನೆ. ಹೊರಟ್ಟಿ ಅವರೇ ಬರಲಿ, ಹೊಸಬರೇ ಬರಲಿ, ನಮ್ಮ ಸ್ಟಾಫ್ ರೂಮಿಗೆ ಓಟು ಕೇಳೋಕೆ ಬಂದವರ ಕೈಗೆ ಅದನ್ನ ಕೊಡುತ್ತೇನೆ. ಬರೆದದ್ದು ನಾನಲ್ಲ, ನನ್ನ ಹೆಂಡತಿ. ನಿನ್ನೆ ರಾತ್ರಿ ಎಂಟನೇತ್ತೆ ನೋಟ್ಸ್ ಪಕ್ಕಕ್ಕೆ ಸರಿಸಿ ಒಂದು ಪುಟ ಬರೆದಳು. ಕೊನೆಯ ಸಾಲು ಇದು: "ಸಾಹೇಬ್ರ, ನಾವೂ ಶಿಕ್ಷಕರ ಅದೀವಿ."